ಟೀಚರ ಜ್ವರ, ಯಜಮಾನರ ಜ್ವರ

ನನ್ನ ಕೆಲಸ ಏನೆಂದು ಅಪ್ಪನಿಗೆ ತಿಳಿಸಿ ಹೇಳುವುದು ಹಂದಿಜ್ವರ ಬರುವವರೆಗೂ ನನ್ನಿಂದ ಆಗಿರಲಿಲ್ಲ. ಕಲ್ಯಾಣ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ವರ್ಷಗಟ್ಟಲೆ ಕೂತವರು ಅವರು. ಮಗಳು ನವಿ ಮುಂಬಯಿಯ ಲ್ಯಾಬಿನಲ್ಲಿದ್ದಾಳೆ ಎಂದರೆ ಗಿರಾಕಿಗಳು "ಬ್ಲಡ್ ಟೆಸ್ಟಾ?" ಎನ್ನುತ್ತಿದ್ದರು. ಅಪ್ಪ ಹೌದೆಂದು ತಲೆಯಾಡಿಸುತ್ತಿದ್ದರು. ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಶಾಲೆ, ಮಾಲು, ಸಿನಿಮಾ ಟಾಕೀಸು ಎಲ್ಲ ಬಾಗಿಲು ಹಾಕಿಕೊಂಡಾಗ, ಲೋಕಲ್ ಟ್ರೇನಿನಲ್ಲಿ ಜನ ಮೂಗಿಗೆ ಕರವಸ್ತ್ರ ಕಟ್ಟಿ ಕರ್ಪೂರ ಏಲಕ್ಕಿಯ ಪೊಟ್ಟಣ ಮೂಸುತ್ತಾ ನಿಂತಾಗ, ಅವರು ಒಂದು ಭಾನುವಾರ ಪೇಪರು ಮಡಚಿಟ್ಟು ಕೇಳಿದರು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀವು ಇದಕ್ಕೆ ಮದ್ದು ಕಂಡುಹಿಡಿಯುವುದಾ?"

"ಅಲ್ಲ ಅಪ್ಪ. ವೈರಸ್ಸಿನ ಒಳಗೆ ಅಕ್ಷರ ಉಂಟು. ಅದನ್ನು ಓದುವುದು."

"ಓದಿ?"

"ಹೋದ ತಿಂಗಳು ಇದ್ದ ಅಕ್ಷರ ಈ ತಿಂಗಳು ಬದಲಾಗಿದೆಯಾ ಅಂತ ನೋಡುವುದು."

"ಬದಲಾದರೆ ಜ್ವರ ಜೋರಾಗ್ತದಾ?"

ಇಷ್ಟು ಸರಿಯಾದ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ನಮ್ಮ ಲ್ಯಾಬಿನ ಇಡೀ ವರ್ಷದ ಕೆಲಸ ಅದೊಂದೇ ಸಾಲಿನಲ್ಲಿತ್ತು.

ವಿಷಯ ಹೀಗೆ. ಫ್ಲೂ ವೈರಸ್ ನಮ್ಮ ಮೈಯೊಳಗೆ ಹೊಕ್ಕ ಮೇಲೆ ತನ್ನದೇ ನಕಲು ತೆಗೆಯುತ್ತಾ ಹೋಗುತ್ತದೆ. ಅದರ ಇಡೀ ಬರಹ ನಾಲ್ಕೇ ಅಕ್ಷರಗಳಲ್ಲಿದೆ. ನಕಲು ತೆಗೆಯುವಾಗ ಅದು ತಪ್ಪು ಮಾಡುತ್ತದೆ, ತಿದ್ದುವುದೂ ಇಲ್ಲ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ. ಎಲ್ಲೋ ಒಂದು ತಪ್ಪು ವೈರಸ್ಸಿನ ನಡತೆಯನ್ನೇ ಬದಲಿಸಬಹುದು. ಆ ವರ್ಷ ಎಲ್ಲರನ್ನೂ ಕಾಡುತ್ತಿದ್ದದ್ದು, ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬ ನಾಲ್ಕು ದಿನ ಗಂಜಿ ಕುಡಿದು ಎದ್ದು ಆಫೀಸಿಗೆ ಹೋಗುವುದೂ ಇನ್ನೊಬ್ಬ ವೆಂಟಿಲೇಟರಿನ ಮೇಲೆ ಮಲಗುವುದೂ ಯಾಕೆ ಎನ್ನುವುದು. ತಪ್ಪು ಅಕ್ಷರದಿಂದಲೇ? ಆ ಮನುಷ್ಯನ ಮೈಯಿಂದಲೇ? ಅಥವಾ ಬೇರೆ ಯಾವುದರಿಂದಲೋ?

ಡೊಂಬಿವಲಿಯ ಮನೆಯಿಂದ ಠಾಣೆಗೆ ಸ್ಲೋ ಗಾಡಿ, ಅಲ್ಲಿಂದ ವಾಶಿ ಕಡೆಗೆ ಟ್ರಾನ್ಸ್‌ಹಾರ್ಬರ್ ಗಾಡಿ. ಬೆಳಿಗ್ಗೆ ಏಳೂವರೆಗೆ ಹೊರಟರೆ ಒಂಬತ್ತಕ್ಕೆ ಲ್ಯಾಬು. ನನಗಾಗ ಇಪ್ಪತ್ತೊಂಬತ್ತು. ಅಮ್ಮ ಗಂಡು ನೋಡುವುದರಲ್ಲಿ ಮಗ್ನಳಾಗಿದ್ದಳು, ನಾನು ಅಕ್ಷರ ಓದುವ ಯಂತ್ರದಲ್ಲಿ, ಸೀಕ್ವೆನ್ಸರಿನಲ್ಲಿ, ಮಗ್ನಳಾಗಿದ್ದೆ. ಕೈಚಳಕದ ಕೆಲಸ ಅದು. ಕಣ್ಣಿಗೆ ಕಾಣದಷ್ಟು ದ್ರವವನ್ನು ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಹಾಕುವುದು, ಯಾವುದಕ್ಕೂ ಯಾವುದೂ ಬೆರೆಯದಂತೆ ನೋಡುವುದು. ನನ್ನ ಕೈ ಚೆನ್ನಾಗಿತ್ತು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಇಡೀ ಬೆಂಚಿನಲ್ಲಿ ನನ್ನಷ್ಟು ಸ್ವಚ್ಛವಾಗಿ ಓದಿ ಕೊಡುವವರು ಇನ್ನೊಬ್ಬರಿರಲಿಲ್ಲ.

ಓದಿದ್ದು ಕಂಪ್ಯೂಟರಿನಲ್ಲಿ ಬಣ್ಣದ ಅಲೆಗಳಾಗಿ ಬರುತ್ತದೆ. ಎ ಅಕ್ಷರಕ್ಕೆ ಹಸಿರು, ಜಿ ಅಕ್ಷರಕ್ಕೆ ಕಪ್ಪು, ಇನ್ನೆರಡಕ್ಕೆ ನೀಲಿ ಮತ್ತು ಕೆಂಪು. ವೈರಸ್ ನಮ್ಮ ಜೀವಕೋಶಗಳಿಗೆ ಕಚ್ಚಿಕೊಳ್ಳುವ ಮುಳ್ಳಿನ ಬರಹದಲ್ಲಿ ಒಂದು ಜಾಗವಿದೆ. ಅಲ್ಲಿ ಹಸಿರು ಇರಬೇಕು. ಬೇರೆ ದೇಶಗಳಲ್ಲಿ ತೀರಾ ಕಾಯಿಲೆಯಾದ ಕೆಲವರಲ್ಲಿ ಅಲ್ಲಿ ಕಪ್ಪು ಸಿಕ್ಕಿದೆ ಎಂಬ ಸುದ್ದಿ ಬಂದಿತ್ತು. ಆ ಬದಲಾವಣೆಯಾದ ವೈರಸ್ಸಿಗೆ ಗಂಟಲಿಗಿಂತ ಶ್ವಾಸಕೋಶದ ಆಳದ ಜೀವಕೋಶಗಳನ್ನು ಹಿಡಿಯುವುದು ಸುಲಭವಾಗಿರಬಹುದು ಎಂದು ಊಹೆ. ನಮ್ಮ ಸರ್ ನನ್ನನ್ನು ಕರೆದು, ನಮ್ಮಲ್ಲಿ ಬಂದ ಸ್ಯಾಂಪಲ್ಲುಗಳಲ್ಲಿ ಆ ಜಾಗ ನೋಡಲು ಹೇಳಿದರು. ಸರ್ ಹುಬ್ಬಳ್ಳಿ ಕಡೆಯವರು. ಮೀಟಿಂಗಿನಲ್ಲಿ ಇಂಗ್ಲಿಷು, ಹುಡುಗರ ಮೇಲೆ ರೇಗುವಾಗ ಹಿಂದಿ, ನನ್ನೊಬ್ಬಳ ಹತ್ತಿರ ಕನ್ನಡ.

ಗಣೇಶನ ಹಬ್ಬ ಕಳೆದ ವಾರ ನನಗೆ ಅದು ಸಿಕ್ಕಿತು. ಠಾಣೆಯ ಮಾಜಿವಾಡಾ ಹತ್ತಿರದ ಆಸ್ಪತ್ರೆಯೊಂದರಿಂದ ಬಂದ ಸ್ಯಾಂಪಲ್ಲು. ವೆಂಟಿಲೇಟರಿನಲ್ಲಿದ್ದ ಗಂಡಸಿನ ಶ್ವಾಸಕೋಶದಿಂದ ಟ್ಯೂಬಿನಲ್ಲಿ ಎಳೆದ ದ್ರವ. ಆ ಜಾಗದಲ್ಲಿ ಹಸಿರೂ ಇತ್ತು, ಅದರ ಮೇಲೆಯೇ ಕಪ್ಪೂ ಇತ್ತು. ಎರಡೂ ಬಗೆಯ ವೈರಸ್ಸುಗಳು ಒಟ್ಟಿಗೇ ಇವೆ ಎಂದು ಅರ್ಥ.

ಸರ್ ಕನ್ನಡಕ ಹಣೆಗೇರಿಸಿ ಪರದೆಯನ್ನು ನೋಡಿದರು.

"ಬೆಳೆಸಿದ ವೈರಸ್ಸೇನ್ರಿ ಇದು?"

"ಅಲ್ಲ ಸರ್, ರೋಗಿಯಿಂದ ಬಂದದ್ದನ್ನು ನೇರ ಓದಿದ್ದು."

ಅವರು ಕೇಳಿದ್ದಕ್ಕೆ ಕಾರಣವಿತ್ತು. ಲ್ಯಾಬಿನಲ್ಲಿ ಮೊಟ್ಟೆಯಲ್ಲಿಟ್ಟು ಬೆಳೆಸಿದರೆ ವೈರಸ್ ಅದೇ ಜಾಗದಲ್ಲಿ ತಾನಾಗಿ ಬದಲಾಗುವುದುಂಟು. ಅದನ್ನು ರೋಗಿಯ ಲೆಕ್ಕಕ್ಕೆ ಹಾಕಿ ಬೇಸ್ತು ಬೀಳುವುದು ಸುಲಭ.

"ಇನ್ನೊಮ್ಮೆ ಮೊದಲಿಂದ ಮಾಡ್ರಿ. ಬ್ಯಾರೆ ಕೈಯಿಂದ ಮಾಡಸ್ರಿ."

ಬೇರೆಯವರ ಕೈಯಿಂದಲೂ ಅದೇ ಬಂತು. ಪಕ್ಕದ ಬೆಂಚಿನ ಮರಾಠಿ ಗೆಳತಿ ಕುಣಿಯುವುದೊಂದು ಬಾಕಿ. ಅವಳು ಆಗಲೇ ಪಟ್ಟಿ ಹಾಕಿದ್ದಳು: ಈ ಕಡೆ ತೀರಾ ಕಾಯಿಲೆಯಾದವರು, ಅವರಲ್ಲಿ ಒಬ್ಬರಿಗೆ ಕಪ್ಪು, ಆ ಕಡೆ ಸಾಧಾರಣ ಜ್ವರದವರು, ಒಬ್ಬರಿಗೂ ಕಪ್ಪಿಲ್ಲ. ಈ ಬದಲಾವಣೆಯಾದರೆ ಜ್ವರ ಜೋರು, ಇಷ್ಟು ಸರಳ ಎಂದು ಅವಳ ಮಾತು.

ನಾನು ಆ ಪಟ್ಟಿಯನ್ನು ಟ್ರೇನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಐರೋಲಿ ಸ್ಟೇಷನ್ ಬರುವಷ್ಟರಲ್ಲಿ ತಪ್ಪು ಎಲ್ಲಿದೆ ಎಂದು ಕಂಡಿತು. ತೀರಾ ಕಾಯಿಲೆಯಾದವರದ್ದು ಶ್ವಾಸಕೋಶದ ಆಳದ ದ್ರವ, ಸಾಧಾರಣ ಜ್ವರದವರದ್ದು ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತೆಗೆದದ್ದು. ಆಳದಲ್ಲಿ ಬೆಳೆಯುವ ವೈರಸ್ಸನ್ನು ಗಂಟಲಿನಲ್ಲಿ ಹುಡುಕಿ ಇಲ್ಲ ಎಂದರೆ ಏನರ್ಥ? ಅಲ್ಲದೆ, ಆ ಬದಲಾವಣೆ ಹೊರಗಿನಿಂದ ಬಂದು ಅವರನ್ನು ಮಲಗಿಸಿತೋ, ಅಥವಾ ವೈರಸ್ಸು ಬಹಳ ದಿನ ಒಳಗೇ ಇದ್ದು ಅಲ್ಲಿಯೇ ಬದಲಾಯಿತೋ?

ಮರುದಿನ ಸರ್ ಕೋಣೆಗೆ ಹೋಗಿ ನಿಂತುಕೊಂಡೇ ಹೇಳಿದೆ. "ಸರ್, ಈ ಪಟ್ಟಿಯಿಂದ ಏನೂ ಹೇಳಲಿಕ್ಕೆ ಆಗುವುದಿಲ್ಲ. ಅದೇ ರೋಗಿಯ ಮೊದಲ ದಿನಗಳ ಗಂಟಲಿನ ಸ್ಯಾಂಪಲ್ ಬೇಕು. ಅವರ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದ್ದರೆ ಅವರದ್ದೂ ಬೇಕು. ಮತ್ತೆ ಜ್ವರ ಯಾವ ದಿನ ಶುರುವಾಯಿತು, ಮಾತ್ರೆ ಯಾವ ದಿನ ಶುರುವಾಯಿತು, ಎರಡೂ ಬೇಕು. ನಮ್ಮ ಫಾರ್ಮಿನಲ್ಲಿ ಆ ಜಾಗ ಎಲ್ಲರದ್ದೂ ಖಾಲಿ."

ಸರ್ ಒಂದು ಫಾರ್ಮ್ ಎತ್ತಿ ನೋಡಿದರು. "ಖಾಲಿ ಐತಿ ಅಂದ್ರ ತುಂಬಸ್ರಿ. ಫೋನ್ ಐತಲ್ಲ."

ಹೀಗೆ ಅಕ್ಷರ ಓದುವವಳು ಫೋನ್ ಮಾಡುವವಳಾದೆ. ಮಾಜಿವಾಡಾ ರೋಗಿಯ ಮನೆಗೆ ಮರಾಠಿ ಗೆಳತಿ ಆಗಲೇ ಒಮ್ಮೆ ಮಾಡಿದ್ದಳು. ಪ್ರಶ್ನೆ ಮುಗಿಯುವ ಮುಂಚೆ ಆ ಕಡೆಯವರು ಇಟ್ಟುಬಿಟ್ಟಿದ್ದರು. "ತೂಚ್ ಬೋಲ್, ತುಮ್‌ಚ್ಯಾಕಡಚೀ ಆಹೇ ತೀ," ಎಂದು ನಂಬರನ್ನು ನನ್ನ ಕಡೆ ತಳ್ಳಿದಳು. ನಿಮ್ಮ ಕಡೆಯ ಹೆಂಗಸು, ನೀನೇ ಮಾತಾಡು ಎಂದು.

ರೋಗಿಯ ಹೆಂಡತಿ ಎತ್ತಿದರು. ನಾನು ಕನ್ನಡದಲ್ಲಿ, ಲ್ಯಾಬಿನಿಂದ ಎಂದು ಶುರು ಮಾಡಿದೆ.

"ಆಸ್ಪತ್ರೆಯವರಿಗೆ ಎಲ್ಲ ಹೇಳಿದ್ದೇನೆ. ಇನ್ನೆಂತ ಉಂಟು?"

"ಎರಡೇ ಪ್ರಶ್ನೆ. ಅವರಿಗೆ ಜ್ವರ ಬಂದದ್ದು ಯಾವ ದಿನ?"

"ಮಂಗಳವಾರ. ನನ್ನ ಜ್ವರ ಶನಿವಾರ. ಮೂರು ದಿನದಲ್ಲಿ ಅವರಿಗೆ ಬಂತು."

"ಹಂದಿಜ್ವರದ ಮಾತ್ರೆ ಕೊಡಲಿಕ್ಕೆ ಶುರು ಮಾಡಿದ್ದು?"

ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿತು. ಆಮೇಲೆ ಫೋನ್ ಕಟ್ಟಾಯಿತು. ಹತ್ತು ನಿಮಿಷದ ಮೇಲೆ ಅವರೇ ಮಾಡಿದರು.

"ಆರನೇ ದಿನ. ಬರ್ಕೊಳ್ಳಿ. ಆರನೇ ದಿನ."

ಫಾರ್ಮಿನಲ್ಲಿ ಅವರ ವಿಳಾಸ ನೋಡಿದ್ದೆ; ತುಳುವಿನಲ್ಲಿ, ನಾನೂ ಡೊಂಬಿವಲಿಯವಳೇ ಎಂದೆ. ಅಷ್ಟು ಸಾಕಾಯಿತು. ಅವರು ಡೊಂಬಿವಲಿ ಪಶ್ಚಿಮದ ಹೌಸಿಂಗ್ ಸೊಸೈಟಿಯೊಂದರಲ್ಲಿದ್ದರು, ನಾವು ಪೂರ್ವದಲ್ಲಿ. ಕನ್ನಡ ಶಾಲೆಯಲ್ಲಿ ಟೀಚರು. ಗಂಡ ಕಲ್ಯಾಣದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಮ್ಯಾನೇಜರು, ನಲವತ್ತಾರು ವರ್ಷ, ಚಿಕ್ಕಂದಿನಿಂದ ಸ್ವಲ್ಪ ಉಬ್ಬಸ. ಫಾರ್ಮಿಗೆ ಸಹಿ ಬೇಕಿತ್ತು. ಶನಿವಾರ ಮಧ್ಯಾಹ್ನ ಬರಲೇ ಎಂದು ಕೇಳಿದೆ. ಬನ್ನಿ ಎಂದರು.

ಬಾಗಿಲು ತೆಗೆದದ್ದು ಹದಿಮೂರು ಹದಿನಾಲ್ಕರ ಮಗಳು. "ಮಮ್ಮಿ, ವೋ ಲ್ಯಾಬ್‌ವಾಲೀ ಆಂಟಿ ಆಯೀ ಹೈ," ಎಂದು, ಲ್ಯಾಬಿನವರು ಬಂದರೆಂದು ಹಿಂದಿಯಲ್ಲಿ ಕೂಗಿ ಒಳಗೆ ಹೋದಳು. ಟೀಚರು ತೆಳ್ಳಗಿನ, ಎತ್ತರದ ಹೆಂಗಸು. ಆಸ್ಪತ್ರೆಗೆ ಹೊರಟವರಂತೆ ಸೀರೆ ಉಟ್ಟು ಕೂತಿದ್ದರು. ಮಂಚದ ಮೇಲೆ ಅವರ ಗಂಡನ ಅಕ್ಕ ಕೂತಿದ್ದರು, ಊರಿನಿಂದ ಬಂದವರು. ನಾನು ಯಾರೆಂದು ತಿಳಿದ ಕೂಡಲೇ ಅವರು ನನ್ನನ್ನೇ ಪಂಚಾಯಿತಿಗೆ ಕರೆದವರಂತೆ ಮಾತು ತೆಗೆದರು.

"ನೀವೇ ಹೇಳಿ. ಹೊರಗಿನಿಂದ ತಂದದ್ದು ಯಾರು? ನನ್ನ ತಮ್ಮ ಆಫೀಸು ಬಿಟ್ಟರೆ ಮನೆ, ಮನೆ ಬಿಟ್ಟರೆ ಆಫೀಸು. ಇವಳು ಶಾಲೆಯಿಂದ ಮಾರಿ ತಂದು ಹಾಕಿದ್ದು. ಇವಳಿಗೇನಾಯಿತು? ನಾಲ್ಕು ದಿನಕ್ಕೆ ಎದ್ದು ಕೂತಳು."

ಟೀಚರು ಫಾರ್ಮಿಗೆ ಸಹಿ ಹಾಕಿದರು. ನಾನು ದಿನಗಳನ್ನು ಒಂದೊಂದಾಗಿ ಬರೆದುಕೊಂಡೆ. ಗಂಡನಿಗೆ ಜ್ವರ ಬಂದ ಎರಡನೇ ದಿನ ಹತ್ತಿರದ ಡಾಕ್ಟರು ನೋಡಿ ಮಾಮೂಲು ಜ್ವರವೆಂದು ಬೇರೆ ಮಾತ್ರೆ ಕೊಟ್ಟಿದ್ದರು. ಐದನೇ ದಿನವೂ ಇಳಿಯದಿದ್ದಾಗ ಟೀಚರೇ ಹಟ ಹಿಡಿದು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕ್ಯೂನಲ್ಲಿ ನಿಲ್ಲಿಸಿ ಗಂಟಲಿನ ಪರೀಕ್ಷೆ ಮಾಡಿಸಿದ್ದರು. ಅಲ್ಲಿಯವರು ಟೀಚರಿಗಿನ್ನೂ ಕೆಮ್ಮಿದೆಯೆಂದು ಅವರದ್ದೂ ತೆಗೆದುಕೊಂಡಿದ್ದರು. ವರದಿ ಬರುವ ಮೊದಲೇ, ಮರುದಿನ, ಗಂಡನಿಗೆ ಉಸಿರು ಸಿಗದೆ ಮಾಜಿವಾಡಾಕ್ಕೆ ಒಯ್ದದ್ದು. ಮಾತ್ರೆ ಶುರುವಾದದ್ದು ಆ ಸಂಜೆ. ಆ ದಿನಗಳಲ್ಲಿ ಅದು ಪ್ರತಿ ಮೆಡಿಕಲ್ಲಿನಲ್ಲಿ ಸಿಗುವ ಮಾತ್ರೆ ಆಗಿರಲಿಲ್ಲ.

ಲಿಫ್ಟಿನವರೆಗೆ ಬಂದ ಟೀಚರು ಬಾಗಿಲು ಅರ್ಧ ಎಳೆದುಕೊಂಡು ಮೆಲ್ಲಗೆ ಕೇಳಿದರು.

"ನೀವು ಅಕ್ಷರ ಓದುವುದು ಅಂದಿರಲ್ಲ ಫೋನಿನಲ್ಲಿ. ಅದರಲ್ಲಿ ಗೊತ್ತಾಗ್ತದಾ, ನನ್ನಿಂದಲೇ ಹೋದದ್ದು ಅಂತ? ನನ್ನಲ್ಲಿ ಇದ್ದದ್ದೇ ಅವರನ್ನು ಹೀಗೆ ಮಾಡಿದ್ದಾ?"

"ನೋಡಿ ಹೇಳ್ತೇನೆ ಟೀಚರೇ," ಎಂದೆ.

ಹೇಳಬಾರದಿತ್ತು. ಸಂಶೋಧನೆಗೆ ಓದಿದ್ದನ್ನು ರೋಗಿಗೆ ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಅಂಜಿಕೆಯಾಗಲಿಲ್ಲ. ಉತ್ತರ ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿತ್ತು. ಗಂಡಹೆಂಡತಿ ಇಬ್ಬರ ಗಂಟಲಿನ ಸ್ಯಾಂಪಲ್ಲುಗಳೂ ಪರೀಕ್ಷೆ ಮುಗಿದ ಮೇಲೆ ಯಾವುದೋ ಫ್ರೀಜರಿನಲ್ಲಿ ಇರಲೇಬೇಕು.

ಅವನ್ನು ಹುಡುಕಿ ತರಿಸಲು ಎರಡು ವಾರ ಹಿಡಿಯಿತು. ಪತ್ರ, ಸಹಿ, ಮತ್ತೊಂದು ಪತ್ರ. ಕೊನೆಗೆ ಐಸಿನ ಪೆಟ್ಟಿಗೆಯಲ್ಲಿ ಎರಡು ಸಣ್ಣ ಟ್ಯೂಬುಗಳು ಬಂದವು. ಗಂಡನದ್ದು ಮೊದಲ ಸಲಕ್ಕೇ ಚೆನ್ನಾಗಿ ಓದಲು ಬಂತು. ಐದನೇ ದಿನದ ಗಂಟಲು. ಆ ಜಾಗದಲ್ಲಿ ಶುದ್ಧ ಹಸಿರು. ಕಪ್ಪಿನ ಸುಳಿವೂ ಇಲ್ಲ.

ಟೀಚರದ್ದು ಓದಲು ಬರಲಿಲ್ಲ. ಅವರ ಜ್ವರ ಹಿಡಿದು ಎಂಟು ದಿನವಾದ ಮೇಲೆ ತೆಗೆದದ್ದು; ವೈರಸ್ ಬಹುಪಾಲು ಹೋಗಿ ಮುಗಿದಿತ್ತು. ಅಲೆಗಳು ಬರೀ ಕಸ. ಎರಡನೇ ಸಲವೂ ಕಸ. ಟ್ಯೂಬಿನಲ್ಲಿ ಉಳಿದದ್ದು ಇನ್ನೊಂದೇ ಪ್ರಯತ್ನಕ್ಕೆ ಸಾಕಾಗುವಷ್ಟು. "ಬಿಡ್ರಿ, ಇನ್ನೊಂದು ಮನಿ ನೋಡೂಣು," ಎಂದರು ಸರ್. ನಾನು ಒಂದು ವಾರ ಆ ಟ್ಯೂಬನ್ನು ಹೊರಗೆ ತೆಗೆಯಲಿಲ್ಲ. ಬೇರೆ ಸ್ಯಾಂಪಲ್ಲುಗಳ ಉಳಿಕೆಯಲ್ಲಿ, ಅಷ್ಟೇ ಕಡಿಮೆ ವೈರಸ್ಸಿರುವಂತೆ ತೆಳು ಮಾಡಿ, ಬರಹದ ಆ ಒಂದು ತುಣುಕನ್ನು ಎರಡು ಹಂತದಲ್ಲಿ ನಕಲು ತೆಗೆದು ಹೆಚ್ಚಿಸುವುದನ್ನು ಅಭ್ಯಾಸ ಮಾಡಿದೆ. ನಾಲ್ಕು ಸಲ ಸರಿಯಾಗಿ ಬಂದ ಮೇಲೆ ಟೀಚರ ಟ್ಯೂಬನ್ನು ಮುಟ್ಟಿದೆ.

ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲು ಪರದೆ ನೋಡಿದೆ. ಅಲೆಗಳು ತಗ್ಗಾಗಿದ್ದರೂ ಸ್ಪಷ್ಟವಾಗಿದ್ದವು. ಆ ಜಾಗದಲ್ಲಿ ಹಸಿರು. ಒಂದೇ ಹಸಿರು.

ಅಷ್ಟೇ ಆಗಿದ್ದರೆ ನಾನು ನೇರ ಫೋನಿಗೆ ಓಡುತ್ತಿದ್ದೆ. ಆದರೆ ಸ್ವಲ್ಪ ಮುಂದೆ, ಏನೂ ಪರಿಣಾಮವಿಲ್ಲದ ಒಂದು ಜಾಗದಲ್ಲಿ, ನಮ್ಮ ಬೇರೆ ಯಾವ ಸ್ಯಾಂಪಲ್ಲಿನಲ್ಲೂ ಕಾಣದ ಒಂದು ಸಣ್ಣ ಅಕ್ಷರಬದಲು ಇತ್ತು. ಗಂಡನ ಗಂಟಲಿನಲ್ಲೂ ಅದೇ, ಶ್ವಾಸಕೋಶದಲ್ಲೂ ಅದೇ. ಇಬ್ಬರದ್ದೂ ಒಂದೇ ವೈರಸ್. ಯಾರಿಂದ ಯಾರಿಗೆ ಎಂದು ಅಕ್ಷರ ಹೇಳುವುದಿಲ್ಲ, ದಿನಗಳು ಹೇಳುತ್ತವೆ. ಶನಿವಾರ ಟೀಚರಿಗೆ, ಮಂಗಳವಾರ ಗಂಡನಿಗೆ. ಅಂದರೆ ಟೀಚರ ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ ಹೌದು ಎಂದೇ. ಎರಡನೆಯ ಅರ್ಧಕ್ಕೆ, ಅಲ್ಲ. ಬದಲಾದ ವೈರಸ್ ಟೀಚರಲ್ಲಿ ಕಾಣಲಿಲ್ಲ. ಅದು ಗಂಡನ ಶ್ವಾಸಕೋಶದಲ್ಲಿ, ಐದನೇ ದಿನಕ್ಕೂ ಆ ದ್ರವ ತೆಗೆದ ಹತ್ತನೇ ದಿನಕ್ಕೂ ನಡುವೆ ಮೇಲೆದ್ದಿತ್ತು.

ಸರ್ ಬಹಳ ಹೊತ್ತು ನೋಡಿದರು. ಅವರಿಗೆ ಸಂತೋಷವಾದಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

"ಛಲೋ ಕೆಲಸ. ಆದ್ರ ಒಂದ್ ಮಾತು. ಕಪ್ಪು ಸ್ವಲ್ಪೇ ಸ್ವಲ್ಪ ಇದ್ರ ಈ ಮಷೀನಿಗೆ ಕಾಣಂಗಿಲ್ಲ. 'ಇರಲೇ ಇಲ್ಲ' ಅಂತ ಬರೀಬ್ಯಾಡ್ರಿ. 'ಕಾಣಲಿಲ್ಲ' ಅಂತ ಬರೀರಿ."

"ಬರೀತೇನೆ ಸರ್. ಇದನ್ನು ಆ ಟೀಚರಿಗೆ ಹೇಳಬೇಕು."

ಮುಚ್ಚಳ ನಿಂತಿತು. "ಯಾರು ಹೇಳ್ಯಾರ ನಿಮಗ ಹೇಳಾಕ? ನಾವು ಲ್ಯಾಬಿನವ್ರು. ಮನಿ ಮನಿಗೆ ಹೋಗಿ ರಿಪೋರ್ಟ್ ಓದಾಕ ಬಂದವ್ರಲ್ಲ."

"ಅವರು ಕೇಳಿದ್ದಾರೆ ಸರ್. ಆ ಟ್ಯೂಬು ಅವರ ಗಂಟಲಿನದ್ದು. ಅವರ ಮನೆಯಲ್ಲಿ ದಿನಾ ಒಬ್ಬರು ಅವರ ಮೇಲೆ ಬೆರಳು ತೋರಿಸ್ತಿದ್ದಾರೆ. ನಮಗೆ ಗೊತ್ತಿದ್ದೂ ಸುಮ್ಮನೆ ಇರುವುದು ಹೇಗೆ?"

"ಗೊತ್ತಿದ್ದದ್ದರಾಗ ಅರ್ಧ ಅವರ ವಿರುದ್ಧ ಐತಲ್ರಿ. ಅದನ್ನೂ ಹೇಳ್ತೀರೇನು?"

"ಎರಡನ್ನೂ ಹೇಳ್ತೇನೆ."

ಅವರು ಕಿಟಕಿಯ ಕಡೆ ತಿರುಗಿದರು. ಅಂಥ ಸಮಯದಲ್ಲಿ ಮಾತು ಮುಂದುವರಿಸಬಾರದೆಂದು ನನಗೆ ಗೊತ್ತಿತ್ತು. ಕೊನೆಗೆ ಒಂದು ಕಾಗದದ ಮೇಲೆ ಷರತ್ತು ಬರೆದುಕೊಟ್ಟರು: ನೋಡುತ್ತಿರುವ ಡಾಕ್ಟರು ಎದುರಿಗಿರಬೇಕು, ಅವರಿಬ್ಬರದ್ದು ಮಾತ್ರ ಹೇಳಬೇಕು, ಬೇರೆ ಯಾರದ್ದೂ ಬಾಯಿಗೆ ಬರಬಾರದು, ಇಬ್ಬರೂ ಒಪ್ಪಿದರೆ ಮಾತ್ರ. ಎಲ್ಲಕ್ಕೂ ಹೂಂ ಎಂದೆ.

ಆ ವೇಳೆಗೆ ಟೀಚರ ಗಂಡನ ಗಂಟಲಿನಿಂದ ವೆಂಟಿಲೇಟರಿನ ಟ್ಯೂಬು ತೆಗೆದು ವಾರ್ಡಿಗೆ ತಂದಿದ್ದರು. ಮೂರು ವಾರ ಪ್ರಜ್ಞೆಯಿಲ್ಲದೆ ಮಲಗಿದ್ದ ಮನುಷ್ಯ. ತೋಳು ಮಗುವಿನ ತೋಳಿನಷ್ಟಾಗಿತ್ತು. ಮೂಗಿಗೆ ಆಕ್ಸಿಜನ್ ನಳಿಗೆ. ಹಾಸಿಗೆಯ ಒಂದು ಪಕ್ಕ ಟೀಚರು, ಇನ್ನೊಂದು ಪಕ್ಕ ಸ್ಟೂಲಿನ ಮೇಲೆ ಗಂಡನ ಅಕ್ಕ. ಡಾಕ್ಟರು ಗುಜರಾತಿ ಹೆಂಗಸು, ಗಡಿಯಾರ ನೋಡಿಕೊಂಡೇ ಬಂದರು, ಆದರೆ ಕೊನೆಯವರೆಗೂ ನಿಂತರು. ನಾನು ಹೇಳಿದ್ದನ್ನು ಅವರಿಗೂ ಹಿಂದಿಯಲ್ಲಿ ಹೇಳುತ್ತಾ ಹೋದೆ.

ಗಂಡ ಒಪ್ಪಿಗೆಯೆಂದು ಕಣ್ಣು ಮುಚ್ಚಿ ತೆಗೆದರು. ನಾನು ಅಲೆಗಳ ಮೂರು ಕಾಗದಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಇಟ್ಟೆ.

"ಇದು ಟೀಚರ ಗಂಟಲು. ಇದು ನಿಮ್ಮ ಗಂಟಲು, ಐದನೇ ದಿನ. ಇದು ನಿಮ್ಮ ಶ್ವಾಸಕೋಶ, ಹತ್ತನೇ ದಿನ."

ಟೀಚರು ಪರೀಕ್ಷೆಯ ಉತ್ತರಪತ್ರಿಕೆ ನೋಡುವಂತೆ ಬಗ್ಗಿ ನೋಡಿದರು. ಯಾರೂ ತೋರಿಸುವ ಮೊದಲೇ ಅವರ ಬೆರಳು ಮೂರನೇ ಕಾಗದದ ಕಪ್ಪಿನ ಮೇಲೆ ನಿಂತಿತು.

"ಇದು ಇಲ್ಲಿ ಮಾತ್ರ ಉಂಟು."

"ಹೌದು. ನಿಮ್ಮದರಲ್ಲಿ ಕಾಣುವುದಿಲ್ಲ. ಅವರ ಗಂಟಲಿನಲ್ಲೂ ಕಾಣುವುದಿಲ್ಲ. ಆ ಬದಲಾವಣೆ ನಿಮ್ಮಿಂದ ಹೋಯಿತು ಎನ್ನಲಿಕ್ಕೆ ಇಲ್ಲಿ ಏನೂ ಇಲ್ಲ. ವೈರಸ್ ತನ್ನ ನಕಲು ತೆಗೆಯುವಾಗ ಅವರ ಮೈಯೊಳಗೇ ಆಗಿರಬೇಕು."

"ಮತ್ತೆ ಜ್ವರ?"

"ಜ್ವರ ನಿಮ್ಮಿಂದಲೇ ಹೋಗಿರಬೇಕು ಟೀಚರೇ. ಉಳಿದ ಅಕ್ಷರ ಎಲ್ಲ ಒಂದೇ. ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಫ್ಲೂ ಬಂದರೆ ಇನ್ನೊಬ್ಬರಿಗೆ ಬರ್ತದೆ, ಅಷ್ಟೇ. ನಿಮಗೆ ಬಂದದ್ದು ನಾಲ್ಕು ದಿನದ ಜ್ವರ. ನೀವು ಕೊಟ್ಟದ್ದೂ ಅದನ್ನೇ."

ಅವರು ತಲೆಯೆತ್ತಲಿಲ್ಲ. "ಮಾತ್ರೆ ಎರಡನೇ ದಿನ ಕೊಟ್ಟಿದ್ದರೆ?"

ಇದೊಂದಕ್ಕೆ ಮಾತ್ರ ನನಗೆ ತಯಾರಿ ಇರಲಿಲ್ಲ. ಡಾಕ್ಟರನ್ನು ನೋಡಿದೆ. ಅವರು ಹಿಂದಿಯಲ್ಲಿ ನೇರವಾಗಿ ಹೇಳಿದರು: ಬೇಗ ಕೊಟ್ಟಷ್ಟೂ ಒಳ್ಳೆಯದು, ಅದು ನಿಜ, ಇವರಿಗೆ ಉಬ್ಬಸವೂ ಇತ್ತು, ಅದೂ ನಿಜ, ಐದನೇ ದಿನ ನೀವು ಹಟ ಹಿಡಿದು ಕರೆದುಕೊಂಡು ಹೋಗದಿದ್ದರೆ ಇವತ್ತು ನಾವು ಈ ಹಾಸಿಗೆಯ ಪಕ್ಕ ನಿಂತು ಮಾತಾಡುತ್ತಿರಲಿಲ್ಲ.

ನಾನೂ ಸೇರಿಸಿದೆ. ಈ ಕಪ್ಪು ಅವರ ಕಾಯಿಲೆಯನ್ನು ಜೋರು ಮಾಡಿತೋ, ಕಾಯಿಲೆ ಆಗಲೇ ಜೋರಾಗಿದ್ದರಿಂದ ಕಪ್ಪಿಗೆ ಬೆಳೆಯಲು ಜಾಗ ಸಿಕ್ಕಿತೋ, ಅದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ ಎಂದೆ. ಗೊತ್ತಿಲ್ಲ ಎಂದು ಹೇಳುವಾಗ ನನ್ನ ಸ್ವರ ಇಳಿಯಲಿಲ್ಲ. ಎಲ್ಲಿಯವರೆಗೆ ಗೊತ್ತು, ಎಲ್ಲಿಂದ ಗೊತ್ತಿಲ್ಲ ಎನ್ನುವುದನ್ನು ನಾನು ನನ್ನ ಕೈಯಿಂದಲೇ ಅಳೆದಿದ್ದೆ.

ಆಗ ಹಾಸಿಗೆಯಿಂದ ಸ್ವರ ಬಂತು. ಟ್ಯೂಬು ತೆಗೆದ ಗಂಟಲು; ಕಾಗದ ಉಜ್ಜಿದಂತಿತ್ತು.

"ಶಾಲೆಯಿಂದ ಬಂದ ವೈರಸ್ಸಲ್ವಾ? ಕಾಪಿ ಹೊಡೆಯುವಾಗ ತಪ್ಪು ಬರೆದಿದೆ. ಟೀಚರು ಹತ್ತಿರ ಇದ್ದಿದ್ದರೆ ಕಿವಿ ಹಿಂಡ್ತಿದ್ದರು."

ಟೀಚರು ನಗಲು ಹೋಗಿ ಅತ್ತರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸುತ್ತಾ, ಬಹಳ ಹೊತ್ತು ಅತ್ತರು. ಎದುರಿನ ಸ್ಟೂಲಿನಿಂದ ಗಂಡನ ಅಕ್ಕ ಎದ್ದು ಹಾಸಿಗೆ ಸುತ್ತಿಕೊಂಡು ಬಂದರು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಟೀಚರ ಕೈಗೆ ಕೊಟ್ಟು, "ಕುಡಿ, ಬೆಳಗ್ಗಿನಿಂದ ಹಸಿದ ಹೊಟ್ಟೆ," ಎಂದರು. ನನಗೂ ಒಂದು ಲೋಟ ಕೊಟ್ಟರು. ಸಕ್ಕರೆ ವಿಪರೀತವಾಗಿತ್ತು.

ಟೀಚರ ಗಂಡ ದೀಪಾವಳಿಯ ಹೊತ್ತಿಗೆ ಮನೆಗೆ ಹೋದರು. ಚಳಿಗಾಲ ಕಳೆಯುವವರೆಗೆ ಒಂದೇ ಮಹಡಿ ಹತ್ತಲು ಎರಡು ಸಲ ನಿಲ್ಲಬೇಕಿತ್ತಂತೆ. ಆಮೇಲೆ ಆಫೀಸಿನವರು ಅರ್ಧ ದಿನಕ್ಕೆ ಬರಲು ಹೇಳಿದರು, ಇನ್ನೊಂದಾರು ತಿಂಗಳಲ್ಲಿ ಪೂರ್ತಿ ದಿನ. ಟೀಚರು ಶಾಲೆಗೆ ಹೋದ ಮೊದಲ ವಾರವೇ ಒಂದು ಕೆಲಸ ಮಾಡಿದರು. ಜ್ವರ ಬಂದ ಮಗು ಎಷ್ಟು ದಿನ ಮನೆಯಲ್ಲಿರಬೇಕು, ಉಸಿರಾಟ ಹೇಗಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂದು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ತಾವೇ ಬರೆದು ಪೋಷಕರಿಗೆ ಹಂಚಿದರು. ಹಂಚುವ ಮೊದಲು ನನಗೆ ಓದಿಸಿದರು. ನಾನು ಎರಡು ಕಡೆ ತಿದ್ದಿದೆ. ಅವರು ನನ್ನ ಕನ್ನಡವನ್ನು ಐದು ಕಡೆ ತಿದ್ದಿದರು.

ಲ್ಯಾಬಿನಲ್ಲಿ ಪಟ್ಟಿ ಹೊಸದಾಗಿ ಎದ್ದಿತು. ಆಳದ ದ್ರವಕ್ಕೆ ಆಳದ ದ್ರವ, ಗಂಟಲಿಗೆ ಗಂಟಲು. ಇನ್ನೂ ಕೆಲವು ಮನೆಗಳಿಗೆ ಫೋನ್ ಮಾಡಿದೆ. ಕೆಲವರು ಬೈದರು. ಕಲ್ಯಾಣದ ಒಬ್ಬ ತಾಯಿ ಮಗ ಹೋದ ಮೇಲೆ ಯಾಕೆ ಕೇಳುತ್ತೀರಿ ಎಂದರು; ಅವರಿಗೆ ನಾನು ಏನು ಹೇಳಿದರೂ ಸರಿಹೋಗುತ್ತಿರಲಿಲ್ಲ, ಹಾಗಾಗಿ ಕೇಳಿಸಿಕೊಂಡು ಕೂತೆ. ತೀರಾ ಕಾಯಿಲೆಯಾದವರಲ್ಲಿ ಹೆಚ್ಚಿನವರಲ್ಲಿ ಆ ಕಪ್ಪು ಕಾಣಲೇ ಇಲ್ಲ. ಮಾಮೂಲು ಹಸಿರೇ ಅವರನ್ನು ಮಲಗಿಸಿತ್ತು. ಜ್ವರಕ್ಕೂ ಮಾತ್ರೆಗೂ ನಡುವಿನ ದಿನಗಳನ್ನು ಬರೆದ ಸಾಲು ಅಕ್ಷರದ ಸಾಲಿಗಿಂತ ಹೆಚ್ಚು ಮಾತಾಡುತ್ತಿತ್ತು. ನಮ್ಮದು ಸಣ್ಣ ಪಟ್ಟಿ. ಅದರಿಂದ ದೊಡ್ಡ ಮಾತು ಆಡಬಾರದೆಂದು ಸರ್ ಹೇಳಿದರು, ನಾನೂ ಒಪ್ಪಿದೆ. ಮರಾಠಿ ಗೆಳತಿ ಮೊದಲು ಮುಖ ಸಣ್ಣ ಮಾಡಿಕೊಂಡಳು, ಆಮೇಲೆ ಅವಳೇ ಫಾರ್ಮಿನ ಮೇಲ್ಭಾಗದಲ್ಲಿ ಎರಡು ದೊಡ್ಡ ಚೌಕ ಹಾಕಿ ಕೊಟ್ಟಳು: ಜ್ವರ ಶುರುವಾದ ದಿನ, ಮಾತ್ರೆ ಶುರುವಾದ ದಿನ. ಅವು ಖಾಲಿಯಿದ್ದರೆ ಸ್ಯಾಂಪಲ್ ತಂದವರನ್ನು ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿಸುವುದು ನನ್ನ ಕೆಲಸವಾಯಿತು. ನನ್ನ ಬಗ್ಗೆ ಯಾರಿಗೂ ಅಷ್ಟು ಒಳ್ಳೆಯ ಅಭಿಪ್ರಾಯ ಉಳಿಯಲಿಲ್ಲ. ಚೌಕಗಳು ಮಾತ್ರ ತುಂಬಿ ಬರತೊಡಗಿದವು.

ಎರಡು ಸಾವಿರದ ಹದಿನೈದರ ಆರಂಭದಲ್ಲಿ ಅದೇ ಫ್ಲೂ ಮತ್ತೆ ಜೋರಾಯಿತು. ಆಗ ಬೆಂಚಿನ ಹೊಣೆ ನನ್ನ ಕೈಯಲ್ಲಿತ್ತು. ಸರ್ ನಿವೃತ್ತರಾಗಿ ಹುಬ್ಬಳ್ಳಿಗೆ ಹೋಗಿದ್ದರು. ಒಂದು ಬೆಳಿಗ್ಗೆ ಪತ್ರಿಕೆಯವರೊಬ್ಬರು ಫೋನ್ ಮಾಡಿ, ವೈರಸ್ ರೂಪ ಬದಲಿಸಿ ಹೆಚ್ಚು ಭಯಂಕರವಾಗಿದೆಯಂತೆ, ನಿಜವೇ ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಎದುರಿಗೆ ಆ ವಾರದ ಓದು ಬಿಚ್ಚಿಕೊಂಡಿತ್ತು.

"ಬದಲಾಗುತ್ತಲೇ ಇರುತ್ತದೆ, ಅದು ಅದರ ಸ್ವಭಾವ," ಎಂದೆ. "ಈ ವಾರ ನಾವು ಓದಿದ್ದರಲ್ಲಿ ಹೆದರುವಂಥದ್ದು ಕಾಣಲಿಲ್ಲ. ಕಂಡರೆ ಹೇಳುತ್ತೇವೆ. ಆದರೆ ಇನ್ನೊಂದು ಮಾತು ಬರೆಯಿರಿ. ಜ್ವರದ ಜೊತೆ ಉಸಿರು ಕಟ್ಟುತ್ತಿದ್ದರೆ, ಬಸುರಿಯಾಗಿದ್ದರೆ, ಉಬ್ಬಸವಿದ್ದರೆ, ವರದಿಗೆ ಕಾಯದೆ ಮೊದಲ ಎರಡು ದಿನದಲ್ಲೇ ಡಾಕ್ಟರ ಹತ್ತಿರ ಹೋಗಬೇಕು."

ಮರುದಿನ ಠಾಣೆ ಸ್ಟೇಷನ್ನಿನಲ್ಲಿ ಪತ್ರಿಕೆ ಕೊಂಡೆ. ಭಯಂಕರ ಎನ್ನುವುದು ಪ್ರಶ್ನೆಯ ಗುರುತಿನೊಂದಿಗೆ ತಲೆಬರಹದಲ್ಲಿತ್ತು. ನನ್ನ ಎರಡನೆಯ ಮಾತು ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದು ಪದವೂ ಬಿಡದೆ ಇತ್ತು. ಪತ್ರಿಕೆ ಮಡಚಿ ಚೀಲಕ್ಕೆ ಹಾಕಿ ಒಂಬತ್ತಕ್ಕೆ ಲ್ಯಾಬು ಮುಟ್ಟಿದೆ. ಕಲ್ಯಾಣದಿಂದ ಸ್ಯಾಂಪಲ್ಲುಗಳ ಹೊಸ ಪೆಟ್ಟಿಗೆ ಬಂದು ಕೂತಿತ್ತು. ಗ್ಲೌಸು ಹಾಕಿಕೊಂಡು ಮುಚ್ಚಳ ತೆಗೆದೆ.